ಡ್ರಾಪ್ ಇಲ್ಲದ ಆಟ

ಎರಡು ಸಾವಿರನೇ ಇಸವಿಯ ಆಚೀಚೆ ನಾನು ಖಾನಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಬೆಳಗಾವಿಯ ಮಹಾಂತೇಶ ನಗರದಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪೀರನವಾಡಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬ ಹತ್ತುತ್ತಿದ್ದ. ನನಗಿಂತ ನಾಲ್ಕು ವರ್ಷ ದೊಡ್ಡವನು, ಆದರೂ ಏಕವಚನದ ಸಲಿಗೆ. ನನಗೆ ರಮ್ಮಿ ಕಲಿಸಿದವನು ಅವನೇ. ಊಟದ ಡಬ್ಬಿ ಮುಚ್ಚಿದ ಮೇಲೆ ಕಚೇರಿಯ ಹಿಂದಿನ ಕೋಣೆಯಲ್ಲಿ ಅರ್ಧ ತಾಸು ಆಡುತ್ತಿದ್ದೆವು. ನಾನು ಎಸೆದ ಎಲೆ ನೋಡಿಯೇ ನನ್ನ ಕೈಯಲ್ಲಿ ಏನು ಉಳಿದಿದೆ ಎಂದು ಹೇಳಿಬಿಡುತ್ತಿದ್ದ.

ಒಂದು ಭಾನುವಾರ ಊರಿನ ನೌಕರರೂ ವ್ಯಾಪಾರಸ್ಥರೂ ಕೂಡಿ ರಮ್ಮಿ ಪಂದ್ಯ ಇಟ್ಟುಕೊಂಡರು. ಮೊದಲ ಬಹುಮಾನ ಒಂದು ಮಿಕ್ಸರ್. ಅದರ ಹಿಂದಿನ ವಾರ ಬಸ್ಸಿನಲ್ಲಿ ಅವನು ಮೆಲ್ಲಗೆ ಹೇಳಿದ:

"ಇಬ್ಬರೂ ಒಂದ ಟೇಬಲ್ಲಿಗೆ ಬಂದ್ರ ಕೂಡಿ ಆಡೂಣು. ನಾ ಕಿವಿ ಮುಟ್ಟಿದ್ರ ಚೌಕಟ, ಮೂಗ ಮುಟ್ಟಿದ್ರ ಬದಾಮ. ಎಷ್ಟ ಸಲ ತಟ್ಟತೀನೋ ಅಷ್ಟರದ್ದು ಆ ಜಾತಿ ಎಲಿ ಇದ್ರ ನನಗ ಬಿಡು. ನಾನೂ ನಿನಗ ಬಿಡತೀನಿ."

"ಬ್ಯಾಡ. ಹಂಗ ಗೆದ್ದು ಏನ್ ಮಾಡೂದೈತಿ?"

"ಚ್ಯಾಷ್ಟಿ ಮಾಡಿದ್ನಿ ಬಿಡೋ" ಎಂದು ನಕ್ಕು ಕಿಟಕಿಯ ಕಡೆ ತಿರುಗಿದ.

ಕೊನೆಯ ಸುತ್ತಿಗೆ ಆರು ಜನ ಉಳಿದೆವು. ಅವನೂ ಇದ್ದ, ನಾನೂ ಇದ್ದೆ. ಆಟದಲ್ಲಿ ಸೋತವರ ಕೈಯಲ್ಲಿ ಜೋಡಿಯಾಗದೆ ಉಳಿದ ಎಲೆಗಳ ಅಂಕ ಅವರ ತಲೆಗೆ ಬೀಳುತ್ತದೆ. ನೂರಾ ಒಂದು ಮುಟ್ಟಿದವನು ಹೊರಗೆ. ಎಲೆ ಕೆಟ್ಟದಾಗಿದ್ದರೆ ಆಡದೆ ಡ್ರಾಪ್ ಮಾಡಬಹುದು, ಅದಕ್ಕೆ ಇಪ್ಪತ್ತು ಅಂಕ. ನನಗೆ ಮೊದಲಿನಿಂದ ಎಲೆಗಳೇ ಕೂಡಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಹೆಸರಿನ ಕೆಳಗೆ ಎಂಬತ್ನಾಲ್ಕು. ಇನ್ನು ಡ್ರಾಪ್ ಮಾಡಿದರೂ ಹೊರಗೆ. ಎಂಥ ಎಲೆ ಬಂದರೂ ಆಡಲೇಬೇಕು.

ಹಾಗಾದವನನ್ನು ಉಳಿದವರು ಆಗಲೇ ಎದ್ದುಹೋದವನಂತೆ ಕಾಣುತ್ತಾರೆ. ಟೇಬಲ್ಲಿನಲ್ಲಿದ್ದ ಕಿರಾಣಿ ವ್ಯಾಪಾರಿ, "ಸರ, ನೀವು ಚಹಾ ಕುಡದ ಬರ್ರಿ. ಈ ಆಟಕ್ಕ ನಿಮ್ಮದು ಮುಗೀತು" ಎಂದ. ಎಲ್ಲರೂ ನಕ್ಕರು. ನನ್ನ ಗೆಳೆಯ ಎಲ್ಲರಿಗಿಂತ ಜೋರಾಗಿ ನಕ್ಕ.

ನಾನು ಏಳಲಿಲ್ಲ. ದೊಡ್ಡ ಎಲೆ ಬಂದ ಕೂಡಲೇ ಎಸೆಯುತ್ತ, ಚಿಕ್ಕವನ್ನು ಹಿಡಿಯುತ್ತ ಕೂತೆ. ಎರಡು ಆಟ ಗೆದ್ದೆ. ಒಂದು ಆಟದಲ್ಲಿ ಆರು ಅಂಕ ಬಿತ್ತು. ಮತ್ತೆ ಎರಡು ಗೆದ್ದೆ. ಮೂವರು ಒಬ್ಬೊಬ್ಬರಾಗಿ ಎದ್ದು ಹೋದರು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಕೊನೆಗೆ ಉಳಿದದ್ದು ತೊಂಬತ್ತು ಅಂಕದ ನಾನು, ವ್ಯಾಪಾರಿ ಮತ್ತು ನನ್ನ ಗೆಳೆಯ.

ಆ ಆಟದಲ್ಲಿ ನನ್ನ ಹದಿಮೂರರಲ್ಲಿ ಹನ್ನೊಂದು ಎಲೆ ಕೂಡಿಕೊಂಡಿದ್ದವು. ಬದಾಮಿನ ರಾಜ, ರಾಣಿ ಗುಲಾಮನಿಗಾಗಿ ಕಾಯುತ್ತಿದ್ದವು. ಅಷ್ಟರಲ್ಲಿ ಗೆಳೆಯನ ಕೈ ಕಿವಿಗೆ ಹೋಯಿತು. ತುರಿಸಿಕೊಂಡಂತೆ ಮಾಡಿ ಏಳು ಸಲ ಬೆರಳಿನಿಂದ ತಟ್ಟಿದ. ಅವನಿಗಿಂತ ಮೊದಲು ಆಡಬೇಕಿದ್ದ ವ್ಯಾಪಾರಿ ಚೌಕಟಿನ ಏಳನ್ನು ಎಸೆದ. ಗೆಳೆಯ ಅದನ್ನೆತ್ತಿಕೊಂಡು ಆಟ ಮುಗಿಸಿದ. ರಾಜ, ರಾಣಿಯ ಇಪ್ಪತ್ತು ಅಂಕ ಬಿದ್ದು ನಾನು ಹೊರಗಾದೆ.

ಲೆಕ್ಕಕ್ಕೆಂದು ಎಲ್ಲರೂ ಎಲೆ ಬಿಡಿಸಿ ಇಟ್ಟೆವು. ವ್ಯಾಪಾರಿಯ ಎಲೆಗಳಲ್ಲಿ ಚೌಕಟಿನ ಆರು ಇತ್ತು, ಎಂಟು ಇತ್ತು. ನಡುವಿನ ಏಳನ್ನು ತಾನಾಗಿ ಕಿತ್ತುಕೊಟ್ಟಿದ್ದ. ಯಾವ ಹುಚ್ಚನೂ ಹಾಗೆ ಆಡುವುದಿಲ್ಲ. ನಾನು ಆ ಎರಡು ಎಲೆಗಳನ್ನೇ ನೋಡಿದೆ. ನೋಡಿದ್ದನ್ನು ಅವರಿಬ್ಬರೂ ಕಂಡರು. ವ್ಯಾಪಾರಿ ತನ್ನವನ್ನು ಬಾಚಿ ಉಳಿದ ಎಲೆಗಳ ಗಡ್ಡಿಯಲ್ಲಿ ಸೇರಿಸಿಬಿಟ್ಟ.

"ಚಲೋ ಆಡಿದಿ ದೋಸ್ತ" ಎಂದು ಗೆಳೆಯ ಕೈ ಚಾಚಿದ. ನಾನು ಕೈ ಕುಲುಕಿದೆ. ಸೋತವನ ಮಾತನ್ನು ಯಾರು ನಂಬುತ್ತಾರೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ನೆವ. ಅಷ್ಟು ಜನರ ಮುಂದೆ ಬಾಯಿ ತೆಗೆಯುವ ಧೈರ್ಯ ನನಗಿರಲಿಲ್ಲ. ಮಿಕ್ಸರ್ ಅವನೇ ಗೆದ್ದ.

ಮರುದಿನ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. "ಖರೇ ಹೇಳು. ಆ ಏಳು ಹೆಂಗ ಬಂತು?"

ಅವನಿಗೆ ನಾಚಿಕೆಯಾಗಲಿಲ್ಲ. "ಮದಲ ನಿನ್ನನ್ನ ಕೇಳಿದ್ನಿಲ್ಲ? ನೀ ಒಲ್ಲೆ ಅಂದಿ. ಅವ್ರು ಹೂಂ ಅಂದ್ರು" ಎಂದ. ತಪ್ಪು ನನ್ನದೇ ಎನ್ನುವ ಹಾಗಿತ್ತು ಧ್ವನಿ. ಆಮೇಲೆ ತುಟ್ಟಿಭತ್ಯೆಯ ಸುದ್ದಿ ತೆಗೆದ.

ನಾನು ಸೀಟು ಬದಲಿಸಲಿಲ್ಲ. ಇನ್ನೂ ಎರಡು ವರ್ಷ ಅವನ ಬಾಜುವಿನಲ್ಲೇ ಕೂತೆ. ಎಲೆ ಮಾತ್ರ ಮುಟ್ಟಲಿಲ್ಲ. ಅವನೂ ಒಮ್ಮೆಯೂ ಕರೆಯಲಿಲ್ಲ.

ಅವನಿಗೆ ಬೇರೆ ಊರಿಗೆ ವರ್ಗವಾದಾಗ ಕಚೇರಿಯಲ್ಲಿ ಬೀಳ್ಕೊಡುಗೆ ಇಟ್ಟರು. ಜೊತೆಗೆ ಓಡಾಡಿದವನೆಂದು ನನ್ನನ್ನೇ ಮಾತಾಡಲು ನಿಲ್ಲಿಸಿದರು. "ಸರಳ ಮನುಷ್ಯರು. ಯಾರಿಗೂ ಮೋಸ ಮಾಡಿದವರಲ್ಲ" ಎಂದೆ. ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನ ಬಾಯಿಂದಲೇ ಬಂತು. ಅವನು ಮಾಲೆ ಹಾಕಿಕೊಂಡು ಕೂತಲ್ಲಿಂದಲೇ ಕೈ ಮುಗಿದ. ಜನ ಚಪ್ಪಾಳೆ ತಟ್ಟಿದರು. ನಾನು ನನ್ನ ಕುರ್ಚಿಗೆ ಮರಳಿ, ತಟ್ಟೆಯಲ್ಲಿ ಕೊಟ್ಟ ಕುಂದಾವನ್ನು ಪೂರ್ತಿ ತಿಂದೆ.