ಕಾವಲಿಗೆ ಬಂದ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಕತ್ತಿನ ಹಿಂಭಾಗದಲ್ಲಿ ಮೂರು ಮಡಿಕೆಗಳಿದ್ದವು. ಮೇಲಿನ ಮಡಿಕೆಯಲ್ಲಿ ಒಂದು ಕಪ್ಪು ದಾರ ಹೂತುಹೋಗಿತ್ತು. ನಡುವಿನದರಲ್ಲಿ, ಸ್ನಾನ ಮಾಡಿ ಹಚ್ಚಿಕೊಂಡ ಪೌಡರು ಬಿಳಿ ಗೆರೆಯಾಗಿ ನಿಂತಿರುತ್ತಿತ್ತು. ಇಷ್ಟು ವಿವರವಾಗಿ ನನಗೆ ಹೇಗೆ ಗೊತ್ತು ಅಂದರೆ, ಕಾರ್ಖಾನೆಯ ವ್ಯಾನಿನಲ್ಲಿ ಅವರು ಡ್ರೈವರ್ ಪಕ್ಕ ಕೂತು ನಮ್ಮ ಜೊತೆ ಬರಲು ಶುರುಮಾಡಿದ ಮೊದಲ ದಿನಗಳಲ್ಲಿ ನಮಗೆ ಕಂಡಿದ್ದು ಅಷ್ಟೇ. ಹಿಂದಿನ ಸೀಟುಗಳಲ್ಲಿ ಹೆಣ್ಣುಮಕ್ಕಳು ಕೂತಿದ್ದಾರೆ, ತಿರುಗಿ ನೋಡುವುದು ಮರ್ಯಾದೆಯಲ್ಲ ಎಂದು ಅವರು ತೀರ್ಮಾನಿಸಿದ್ದರು. ಹೊಸೂರಿನ ತನಕ ಕಲ್ಲಿನ ಹಾಗೆ ಮುಂದಕ್ಕೇ ನೋಡುತ್ತಿದ್ದರು.

ಹೊಸೂರು ದಾಟಿದರೆ ಸಿಗುವ ಜೂಜುವಾಡಿಯ ಹತ್ತಿರ ಗಾಡಿಗಳಿಗೆ ವೈರು ಜೋಡಿಸುವ ಕಾರ್ಖಾನೆಯೊಂದು ಕೆಲಮಂಗಲದ ಸುತ್ತಲಿನ ಹಳ್ಳಿಗಳಿಂದ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಶುರುಮಾಡಿದಾಗಿನ ಮಾತು ಇದು. ನಾನು ಪ್ಲಸ್ ಟು ಮುಗಿಸಿ ಮನೆಯ ತೋಟದಲ್ಲಿ ಬೀನ್ಸ್ ಕೀಳುತ್ತಿದ್ದೆ. ಊರಿನ ಹಿರಿಯರು ಟೀ ಅಂಗಡಿ ಮುಂದೆ ಸೇರಿ ಬಹಳ ಚರ್ಚೆ ಮಾಡಿದರು. ಹೆಣ್ಣುಮಕ್ಕಳು ಬೆಳಿಗ್ಗೆ ಹೋಗಿ ಕತ್ತಲಾಗುವ ಹೊತ್ತಿಗೆ ಬರುವುದು, ಜೊತೆಗೊಬ್ಬ ಗಂಡಸು ಇಲ್ಲದಿದ್ದರೆ ಹೇಗೆ ಎಂಬುದು ಅವರ ಚಿಂತೆ. ಕೊನೆಗೆ ದೊಡ್ಡಪ್ಪನೇ ಸರಿ ಎಂದಾಯಿತು. ಅವರಿಗೆ ಮಂಡಿನೋವು, ಹೊಲದ ಕೆಲಸ ಆಗುತ್ತಿರಲಿಲ್ಲ. ಅವರನ್ನು ಕಂಡರೆ ಊರಿನ ನಾಯಿಗಳೂ ದಾರಿ ಬಿಡುತ್ತಿದ್ದವು. ಕಾರ್ಖಾನೆಯ ಆಫೀಸಿನವರು ಮೊದಲು ನಕ್ಕರು. ಹಾಗೆ ಒಪ್ಪದಿದ್ದರೆ ನಮ್ಮೂರಿನಿಂದ ಒಬ್ಬಳೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಡ್ರೈವರುಗಳ ಶೆಡ್ಡಿನಲ್ಲಿ ಅವರಿಗೊಂದು ಕುರ್ಚಿ ಹಾಕಿಸಿ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಕ್ಕೂ ಹೇಳಿದರು.

ದೊಡ್ಡಪ್ಪನಿಗೆ ಹೆಂಗಸರ ಬಗ್ಗೆ ಒಂದು ಗಟ್ಟಿಯಾದ ಸಿದ್ಧಾಂತವಿತ್ತು. ಗಂಡಸರು ಬಾಯಿ ಬಿಟ್ಟರೆ ಅದರಲ್ಲಿ ಒಂದು ವಿಷಯ ಇರುತ್ತದೆ, ಹೆಂಗಸರದು ಬರೀ ಮಾತು ಎಂದು ಅವರು ಹೇಳುತ್ತಿದ್ದರು. ದೊಡ್ಡಮ್ಮ ಏನಾದರೂ ಹೇಳಲು ಬಂದರೆ, 'ವಿಷಯ ಏನು, ಅದನ್ನ ಹೇಳು' ಅನ್ನುತ್ತಿದ್ದರು. ದೊಡ್ಡಮ್ಮನಿಗೆ ಒಂದು ವಿಷಯ ಹೇಳಬೇಕಾದರೆ ಅದರ ಹಿಂದಿನದು, ಅದರ ಪಕ್ಕದ್ದು ಎಲ್ಲ ಹೇಳಿ ಆಗಬೇಕಿತ್ತು. ಹಾಗಾಗಿ ಕಾಲಕ್ರಮದಲ್ಲಿ ಅವರು ಹೇಳುವುದನ್ನೇ ಬಿಟ್ಟಿದ್ದರು.

ವ್ಯಾನಿನಲ್ಲಿ ಜೋರಾಗಿ ನಗಬಾರದು, ಕಿಟಕಿಯಿಂದ ಕೈ ಹೊರಗೆ ಹಾಕಬಾರದು, ಡ್ರೈವರ್ ಹಾಡು ಹಾಕಬಾರದು ಎಂದು ಕಟ್ಟುಪಾಡಾಯಿತು. ನಾವು ಪಿಸುಪಿಸು ಮಾತಾಡುತ್ತಿದ್ದೆವು. ಆದರೆ ಆ ಹಳೇ ವ್ಯಾನಿನ ಇಂಜಿನ್ ಸದ್ದಿನಲ್ಲಿ ಪಿಸುಪಿಸು ಯಾರಿಗೂ ಕೇಳುವುದಿಲ್ಲ, ಆದ್ದರಿಂದ ದಿನದಿಂದ ದಿನಕ್ಕೆ ದನಿ ಏರುತ್ತಾ ಹೋಯಿತು.

ನಮ್ಮಲ್ಲಿ ರತ್ನ ಎಂಬವಳೊಬ್ಬಳಿದ್ದಳು. ಮದುವೆಯಾಗಿ ನಮ್ಮೂರಿಗೆ ಬಂದವಳು. ಅವಳಿಗೂ ಅವಳ ಅತ್ತೆಗೂ ನಡೆಯುತ್ತಿದ್ದ ಜಗಳವನ್ನು ಎರಡೂ ಕಡೆಯ ದನಿಯಲ್ಲಿ ಮಾಡಿ ತೋರಿಸುತ್ತಿದ್ದಳು. ಒಂದು ಸಂಜೆ ಅತ್ತೆ ಅವಳ ತವರಿನ ಹಿತ್ತಾಳೆ ಕೊಳಗವನ್ನು ನಾದಿನಿಗೆ ಕೊಟ್ಟುಬಿಟ್ಟ ಕತೆ ನಡೆಯುತ್ತಿತ್ತು. ರತ್ನ ಅತ್ತೆಯನ್ನು ಅಂಗಳಕ್ಕೆ ಕರೆದು, ಸೊಂಟಕ್ಕೆ ಕೈಯಿಟ್ಟು, ಇನ್ನೇನು ಕೇಳಬೇಕು ಅನ್ನುವಷ್ಟರಲ್ಲಿ ನಮ್ಮೂರು ಬಂತು. ವ್ಯಾನ್ ನಿಂತಿತು. ನಾವು ಡಬ್ಬಿ, ಬ್ಯಾಗು ಎತ್ತಿಕೊಂಡು ಏಳುತ್ತಿದ್ದೆವು. ಆಗ ಮುಂದಿನ ಸೀಟಿನ ಆ ಮೂರು ಮಡಿಕೆಗಳು ಒಂದರ ಮೇಲೊಂದು ಹೊರಳಿದವು. ದೊಡ್ಡಪ್ಪನ ಮುಖ ಹಿಂದಕ್ಕೆ ಬಂತು.

"ಆಮೇಲೆ ಅವಳೇನಂದ್ಲು?"

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ರತ್ನಳಿಗೆ ಮಾತ್ರ ಆಯಿತು. ಅವಳು ಬ್ಯಾಗು ಕೆಳಗಿಟ್ಟು ಮತ್ತೆ ಕೂತಳು. ಡ್ರೈವರ್ ರಾಯಕೋಟೆ ಕಡೆಯ ತಮಿಳಿನವನು. ಅವನೂ ಇಂಜಿನ್ ಆಫ್ ಮಾಡಿ ಸ್ಟೀರಿಂಗ್ ಮೇಲೆ ಗಲ್ಲವಿಟ್ಟ. ಕೊಳಗದ ಕತೆ ಪೂರ್ತಿಯಾದ ಮೇಲೆಯೇ ನಾವು ಇಳಿದದ್ದು.

ಅಲ್ಲಿಂದ ಕಾವಲು ಹೋಗಿ ಬೇರೇನೋ ಆಯಿತು. ನಾನು ದೊಡ್ಡಪ್ಪ ಅನ್ನುತ್ತಿದ್ದೆ, ಕೆಲಮಂಗಲದಲ್ಲಿ ಹತ್ತುವ ತಮಿಳು ಹುಡುಗಿಯರು ಪೆರಿಯಪ್ಪಾ ಅನ್ನುತ್ತಿದ್ದರು, ತೆಲುಗಿನವರು ಪೆದ್ದನಾಯನಾ. ದೊಡ್ಡಪ್ಪ ಮೂರು ಭಾಷೆಯಲ್ಲೂ ಎಲ್ಲರ ತಿಂಡಿ ಡಬ್ಬಿಗೂ ಕೈಹಾಕುತ್ತಿದ್ದರು. ಯಾರ ಗಂಡ ಕುಡಿದು ಬಂದ, ಯಾವ ಟೈಲರ್ ರವಿಕೆ ಕೆಡಿಸಿದ, ಯಾರಿಗೆ ಮಕ್ಕಳಾಗಲಿಲ್ಲವೆಂದು ಯಾರು ಏನಂದರು, ಎಲ್ಲವೂ ಅವರಿಗೆ ಬೇಕು. ಮಧ್ಯೆ ತಪ್ಪದೆ ಒಂದು ಪ್ರಶ್ನೆ: 'ಅದಕ್ಕೆ ಅವನೇನಂದ?' 'ಅವರೇನೂ ಅನ್ನಲಿಲ್ಲ ದೊಡ್ಡಪ್ಪಾ' ಎಂಬುದೇ ಹೆಚ್ಚಾಗಿ ಸಿಗುತ್ತಿದ್ದ ಉತ್ತರ. ಗಂಡಸರು ಇಷ್ಟು ಕಡೆ ಇಷ್ಟು ಸುಮ್ಮನಿರುತ್ತಾರೆ ಎಂಬುದು ಅವರಿಗೆ ಹೊಸ ಸಂಗತಿಯಾಗಿತ್ತು.

ಒಂದು ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಒಬ್ಬಳು ಹೊಟ್ಟೆ ಹಿಡಿದು ಮುದುರಿಕೊಂಡಿದ್ದಳು. ದೊಡ್ಡಪ್ಪ ವ್ಯಾನ್ ನಿಲ್ಲಿಸಿ ಸೋಡಾ ತರಿಸಿದರು. ಆಗಲಿಲ್ಲ. ರಾತ್ರಿ ಏನು ತಿಂದೆ, ಹಲಸಿನ ಹಣ್ಣು ತಿಂದೆಯಾ ಎಂದು ವಿಚಾರಣೆ ಶುರುವಾಯಿತು. ನಾವೆಲ್ಲ ಕಿಟಕಿಯಾಚೆ ನೋಡಿದೆವು. ಕೊನೆಗೆ ರತ್ನ ತಡೆಯಲಾರದೆ, ಅದು ತಿಂಗಳು ತಿಂಗಳೂ ಬರುವ ನೋವು, ಅದಕ್ಕೂ ಹಲಸಿನ ಹಣ್ಣಿಗೂ ಸಂಬಂಧವಿಲ್ಲ ಎಂದು ಹೇಳಿಬಿಟ್ಟಳು. ದೊಡ್ಡಪ್ಪ ಮುಂದಕ್ಕೆ ತಿರುಗಿ ಕೂತರು. ಜೂಜುವಾಡಿಯ ಲಾರಿಗಳ ಸಾಲಿನಲ್ಲಿ ವ್ಯಾನ್ ಸಿಕ್ಕಿಕೊಂಡಾಗಲೂ ಯಾರನ್ನೂ ಬಯ್ಯಲಿಲ್ಲ. ಅವತ್ತು ಮನೆಗೆ ಹೋದವರೇ ದೊಡ್ಡಮ್ಮನನ್ನು ಹಿತ್ತಲಿಗೆ ಕರೆದು, ನಿನಗೂ ಹೀಗೆ ನೋವು ಬರುತ್ತಿತ್ತಾ ಎಂದು ಕೇಳಿದರಂತೆ. ದೊಡ್ಡಮ್ಮ ಪಾತ್ರೆ ತಿಕ್ಕುತ್ತಲೇ, "ಅದು ನಿಂತೋಗಿ ಎಷ್ಟೋ ವರ್ಸ ಆಯ್ತಲ್ಲ, ಈಗ ಕೇಳ್ತಿದ್ದೀರಾ" ಅಂದರಂತೆ. ಇದನ್ನು ಮಾರನೇ ದಿನ ವ್ಯಾನಿನಲ್ಲಿ ನಮಗೆ ಹೇಳಿದವರೂ ದೊಡ್ಡಪ್ಪನೇ. ನಾವು ಬಿದ್ದು ಬಿದ್ದು ನಕ್ಕೆವು. ಅವರು ನಗಲಿಲ್ಲ. ಮರುದಿನದಿಂದ ಒಂದು ಫ್ಲಾಸ್ಕಿನಲ್ಲಿ ಬಿಸಿನೀರು ತರುತ್ತಿದ್ದರು. ಹೊಟ್ಟೆ ಹಿಡಿದು ಕೂತವಳ ಕೈಗೆ ಅದು ತಾನಾಗಿ ಸಾಗುತ್ತಿತ್ತು.

ಟೀ ಅಂಗಡಿಯ ಗೆಳೆಯರಿಗೆ ಇದೆಲ್ಲ ಸಂಕಟಕ್ಕೆ ಬಂತು. ಭಾನುವಾರ ಅಲ್ಲಿಗೆ ಹೋದರೆ ದೊಡ್ಡಪ್ಪ ಒಬ್ಬರನ್ನು ಹಿಡಿದು, ನಿನ್ನ ಹೆಂಡತಿಗೆ ಸೊಂಟನೋವಂತೆ, ಆಸ್ಪತ್ರೆಗೆ ತೋರಿಸಿದೆಯಾ ಎಂದು ಕೇಳುವರು. ಇನ್ನೊಬ್ಬನಿಗೆ, ನಿನ್ನ ಮಗಳು ಡೆಂಕಣಿಕೋಟೆಯ ಗಂಡು ಬೇಡ ಅಂತ ಅಳುತ್ತಿದ್ದಾಳೆ, ಗೊತ್ತಾ ಎನ್ನುವರು. ತಮ್ಮ ಮನೆಯ ಸುದ್ದಿ ತಮಗೇ ಗೊತ್ತಿಲ್ಲವೆಂದು ಮುಜುಗರವಾಗಿ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ದೊಡ್ಡಪ್ಪನಿಗೂ ಅಲ್ಲಿ ಬೇಜಾರು. ಟೊಮೆಟೊ ರೇಟು, ಎಲೆಕ್ಷನ್ನು, ಮತ್ತೆ ಟೊಮೆಟೊ ರೇಟು. "ಇಲ್ಲಿ ಬರೀ ವಿಷಯ ಕಣ್ಲಾ, ಮಾತೇ ಇಲ್ಲ" ಎಂದು ಎದ್ದು ಬಂದಿದ್ದರು.

ಹಾಗೆಂದು ಅವರು ಪೂರ್ತಿ ಬದಲಾದರು ಅನ್ನಲಾರೆ. ಉಂಡ ತಟ್ಟೆಯನ್ನು ಅವರು ಒಂದು ದಿನವೂ ಎತ್ತಲಿಲ್ಲ. ವ್ಯಾನಿನಲ್ಲಿ ಎಲ್ಲರ ಗಂಡಂದಿರನ್ನೂ ಬಯ್ದು, ಮನೆಯೊಳಗೆ ಕಾಲಿಡುತ್ತಲೇ 'ನೀರು ತತ್ತಾ' ಎಂದು ಕೂಗುತ್ತಿದ್ದರು. ನೀರಿನ ಕೊಡ ಅವರ ಕೈಯಳತೆಯಲ್ಲೇ ಇರುತ್ತಿತ್ತು.

ನನಗೆ ಗಂಡು ಬಂದದ್ದು ಇಂಥ ಕಾಲದಲ್ಲಿ. ತಳಿ ಎಂಬ ಊರಿನ ಕಡೆಯವರು, ಗುಲಾಬಿ ಬೆಳೆಯುವ ಮನೆತನ. ನಡುಮನೆಯಲ್ಲಿ ಎರಡೂ ಕಡೆಯ ಗಂಡಸರು ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ದೊಡ್ಡಮ್ಮನ ಹಿಂದೆ ನಿಂತಿದ್ದೆ. ಕೇಸರಿಬಾತಿನ ತಟ್ಟೆಗಳು ಹೋದವು. ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಂಡು, ದನಿ ತಗ್ಗಿಸಿ ಹೇಳಿದರು.

"ಹುಡುಗಿ ಬಗ್ಗೆ ನಮ್ದೇನೂ ಇಲ್ಲ. ಆ ವ್ಯಾನಿಂದು ಮಾತ್ರ ಒಂದು ಸುದ್ದಿ ಕಿವೀಗೆ ಬಿತ್ತು. ಅದ್ರಾಗೆ ಯಾರೋ ಒಬ್ಬ ಗಂಡಸು ಬತ್ತಾನಂತೆ. ಡ್ರೈವರ್ ಅಲ್ಲ, ಬ್ಯಾರೆಯೋನು. ಹುಡುಗೀರನ್ನ ನಗಿಸ್ಕಂಡು, ಅವ್ರ ಡಬ್ಬೀಲೇ ಕೈಯಿಕ್ಕಿ ತಿಂದ್ಕಂಡು ಬತ್ತಾನಂತೆ."

ಅಪ್ಪ ತೊಲೆ ನೋಡಿದರು. ದೊಡ್ಡಪ್ಪನ ಬಾಯಲ್ಲಿ ಕೇಸರಿಬಾತಿತ್ತು. ಅವಸರವಿಲ್ಲದೆ ಅಗಿದು, ನುಂಗಿ, ಟವೆಲಿನಿಂದ ಮೀಸೆ ಒರೆಸಿಕೊಂಡರು.

"ಆ ಗಂಡಸು ನಾನೇಯ."

ನನ್ನ ಮುಂದಿದ್ದ ದೊಡ್ಡಮ್ಮನ ಬೆನ್ನು ನಗು ತಡೆಯಲಾರದೆ ಅಲುಗುತ್ತಿತ್ತು. ಸೋದರಮಾವ ತಡಬಡಿಸಿ, ನೀವಾದರೆ ಸರಿ ಬಿಡಿ, ಹೇಗೂ ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡುತ್ತಾಳಲ್ಲ ಎಂದರು. ಅಪ್ಪ ಹೌದೆಂದು ತಲೆಯಾಡಿಸಿದರು. ಮಾತು ಅಲ್ಲಿಗೆ ಮುಗಿದು ವೀಳ್ಯದೆಲೆಯ ತಟ್ಟೆಗೆ ಹೋಗಬೇಕಿತ್ತು. ದೊಡ್ಡಪ್ಪ ಅಡುಗೆಮನೆಯ ಕಡೆ ತಿರುಗಿದರು.

"ಏನಮ್ಮಾ, ನೀನು ಕೆಲ್ಸ ಬಿಡ್ತೀಯಾ?"

ನಮ್ಮ ಮನೆಯಲ್ಲಿ ಅದುವರೆಗೆ ಯಾವ ಹೆಣ್ಣು ನೋಡುವ ಶಾಸ್ತ್ರದಲ್ಲೂ ಹೆಣ್ಣನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಹಾಡು ಬರುತ್ತದಾ ಎಂದು ಬಿಟ್ಟರೆ. ಎಲ್ಲ ಮುಖಗಳೂ ನನ್ನ ಕಡೆಗಿದ್ದವು. ಬಿಡುವುದಿಲ್ಲ ದೊಡ್ಡಪ್ಪಾ ಎಂದೆ. ನನಗೇ ಕೇಳಿಸಿತೋ ಇಲ್ಲವೋ, ಅವರಿಗೆ ಕೇಳಿಸಿತು. ಸರಿ ಎಂದು ಹುಡುಗನ ಕಡೆ ತಿರುಗಿ, ನಿನ್ನ ಬಟ್ಟೆ ಯಾರಪ್ಪಾ ಒಗೆಯುತ್ತಾರೆ ಎಂದು ವಿಚಾರಿಸಿದರು. ಅಮ್ಮ ಎಂದ. ಅನ್ನ ಮಾಡಲು ಬರುತ್ತದಾ? ಅವನು ಸೋದರಮಾವನ ಮುಖ ನೋಡಿದ. ಸೋದರಮಾವ ಚಪ್ಪಲಿ ಹುಡುಕುತ್ತಿದ್ದರು.

ಅವರು ಹೋದ ಮೇಲೆ ಅಪ್ಪ ಅಣ್ಣನ ಎದುರು ಜೀವಮಾನದಲ್ಲಿ ಮೊದಲ ಸಲ ದನಿಯೇರಿಸಿದರು. "ಕಾವಲಿಗೆ ಅಂತ ಕಳ್ಸಿದ್ರೆ ನೀನು ಅವ್ರ ಕಡೀಕೇ ಸೇರ್ಕಂಬುಟ್ಟೆ ಕಣಣ್ಣ." ದೊಡ್ಡಪ್ಪ ಅಲ್ಲವೆನ್ನಲಿಲ್ಲ. ಮೂರು ಸಂಬಂಧ ಆಗಲೇ ತಪ್ಪಿದ್ದ ಮನೆ ನಮ್ಮದು. ಅಪ್ಪನ ಸಿಟ್ಟಿಗೂ ಅರ್ಥವಿತ್ತು. ನಾನು ಅವತ್ತು ಊಟ ಮಾಡಲಿಲ್ಲ. ಸರಿಯಾದದ್ದನ್ನೇ ಹೇಳಿದೆ ಅನ್ನಿಸುತ್ತಿತ್ತು, ಜೊತೆಗೇ ಎಲ್ಲ ಕೆಡಿಸಿಕೊಂಡೆ ಎಂದೂ.

ಸ್ವಲ್ಪ ದಿನಗಳಾದ ಮೇಲೆ ಒಂದು ಬೆಳಿಗ್ಗೆ ಕೆಲಮಂಗಲದಲ್ಲಿ ವ್ಯಾನ್ ನಿಂತಾಗ ಆ ಹುಡುಗ ರಸ್ತೆ ಪಕ್ಕ ನಿಂತಿದ್ದ. ಹೂವಿನ ಲೋಡು ಕಳಿಸಿ ಹೊಸೂರಿಗೆ ಹೋಗಬೇಕೆಂದು ಹೊರಟಿದ್ದನಂತೆ. ಬಸ್ಸುಗಳು ಎಷ್ಟೋ ಹೋಗಿದ್ದವು, ಅವನು ಹತ್ತಿರಲಿಲ್ಲ. ದೊಡ್ಡಪ್ಪನ ಕಿಟಕಿಯ ಬಳಿ ಬಂದು, "ಅನ್ನ ಮಾಡೋದು ಕಲ್ತ್ಕಂಡೆ" ಎಂದ. ಅಷ್ಟೇ. ದೊಡ್ಡಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ಹತ್ತು ಎಂದರು.

ಹೊಸೂರಿನ ತನಕ ಅವನ ಪಾಡು ಯಾರಿಗೂ ಬೇಡ. ಅಷ್ಟು ಹೆಂಗಸರ ಮಧ್ಯೆ ಮೊಣಕಾಲಿನ ಮೇಲೆ ಕೈಯಿಟ್ಟು ಕೂತಿದ್ದ. ರತ್ನ ಅತ್ತೆಯ ದನಿಯಲ್ಲಿ ಅವನನ್ನು ಪರೀಕ್ಷೆ ಮಾಡಿದಳು. ನೀರು ಎಷ್ಟಿಡುತ್ತೀಯ, ಯಾರು ಮೊದಲು ಉಣ್ಣುತ್ತಾರೆ, ಹೆಂಡತಿ ಶಿಫ್ಟಿನಿಂದ ತಡವಾಗಿ ಬಂದರೆ ಏನು ಮಾಡುತ್ತೀಯ. ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದೆ. ಅವನು ಒಂದಕ್ಕೂ ಸರಿಯಾಗಿ ಉತ್ತರಿಸಲಿಲ್ಲ, ಆದರೆ ಸುಳ್ಳನ್ನೂ ಹೇಳಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಇಳಿಯುವಾಗ ದೊಡ್ಡಪ್ಪನಿಗೆ ಹೇಳಿದ: "ನಮ್ಮಮ್ಮ ಮನೇಲಿ ಮಾತೇ ಆಡಲ್ಲ. ಯಾಕೆ ಅಂತ ಇವತ್ತು ಕೇಳ್ಬೇಕು."

ಅವರೇ ನನ್ನ ಗಂಡ. ಅವರು ಮಾಡಿದ ಅನ್ನ ಇವತ್ತಿಗೂ ಸ್ವಲ್ಪ ಮುದ್ದೆಯಾಗುತ್ತದೆ. ನಾನು ಈಗ ಅದೇ ಕಾರ್ಖಾನೆಯಲ್ಲಿ ಒಂದು ಲೈನಿನ ಮೇಲ್ವಿಚಾರಕಿ. ಕೆಲಮಂಗಲದಲ್ಲೇ ಮನೆ ಮಾಡಿಕೊಂಡು, ಅಲ್ಲಿಂದಲೇ ಅದೇ ವ್ಯಾನ್ ಹತ್ತುತ್ತೇನೆ.

ಹೋದ ವರ್ಷ ರಾಗಿ ಕಟಾವು ಮುಗಿದ ಮೇಲೆ ದೊಡ್ಡಪ್ಪ ತೀರಿಕೊಂಡರು. ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತವರು ಏಳಲಿಲ್ಲ. ತಿಥಿಯ ದಿನ ಊಟವಾದ ಮೇಲೆ ಅಂಗಳದಲ್ಲಿ ಒಂದು ವಿಚಿತ್ರ ನಡೆಯಿತು. ಟೀ ಅಂಗಡಿಯ ಆ ಗೆಳೆಯರೇ, ದೊಡ್ಡಪ್ಪನನ್ನು ಕಂಡರೆ ಎದ್ದು ಹೋಗುತ್ತಿದ್ದವರೇ, ಒಬ್ಬೊಬ್ಬರಾಗಿ ಅಪ್ಪನ ಪಕ್ಕಕ್ಕೆ ಬಂದು ವ್ಯಾನಿನ ವಿಚಾರ ತೆಗೆದರು. ಹೆಣ್ಣುಮಕ್ಕಳನ್ನು ಹಾಗೆ ಕಳಿಸುವುದು ಸರಿಯಲ್ಲ, ಬೇಕಾದರೆ ನಾನು ಹೋಗಿ ಬರುತ್ತೇನೆ, ನನಗೂ ಈಗ ಪುರುಸೊತ್ತು ಎಂದರು. ಮೂರನೆಯವನು ತನಗೂ ಮಂಡಿನೋವು ಶುರುವಾಗಿದೆ ಎಂದ.

ಒಳಗಿನ ಮೂಲೆಯಲ್ಲಿ, ಯಾರೂ ಮಾತಾಡಿಸದ ಹಾಗೆ ಕೂರಿಸಿದ್ದ ದೊಡ್ಡಮ್ಮ ಅಲ್ಲಿಂದಲೇ ಹೇಳಿದರು. "ಯಾರೂ ಬ್ಯಾಡ. ನಾನೋಗ್ತೀನಿ. ಇಷ್ಟ್ ಕಾಲ ಅವ್ರನ್ನೇ ಕಾದಿವ್ನಿ, ಇವ್ರನ್ನ ಕಾಯೋದೇನು ಕಷ್ಟ."

ಗಂಡ ಸತ್ತ ಹೆಂಗಸು ಇಷ್ಟು ಬೇಗ ಹೊರಗೆ ಹೊರಟರೆ ಜನ ಏನೆನ್ನುತ್ತಾರೆ ಎಂದು ಅಪ್ಪ ಮೆಲ್ಲಗೆ ಶುರುಮಾಡಿದರು. ದೊಡ್ಡಮ್ಮ ಅವರನ್ನು ಸುಮ್ಮನೆ ನೋಡಿದರು. ಅಪ್ಪ ಎಲೆ ಎತ್ತಿಸಲು ಹೊರಟರು.

ಮಾರನೇ ವಾರ ಅವರು ವ್ಯಾನ್ ಹತ್ತಿದರು. ಕೆಲಮಂಗಲದಲ್ಲಿ ನಾನು ಹತ್ತುವಾಗ ಮುಂದಿನ ಸೀಟು ಬಿಟ್ಟು ಹುಡುಗಿಯರ ನಡುವೆ ಕೂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಆಮೇಲೆ ದೊಡ್ಡಪ್ಪ ಮದುವೆಯಾದ ಹೊಸದರಲ್ಲಿ ಹೆಂಡತಿಗೆಂದು ಕದ್ದುಮುಚ್ಚಿ ಮಲ್ಲಿಗೆ ತಂದು, ಕೊಡಲು ನಾಚಿಕೆಯಾಗಿ ಹಸುವಿನ ಕೊಂಬಿಗೆ ಸುತ್ತಿದ ಕತೆ ಹೇಳಿದರು. ಆ ಮನುಷ್ಯನ ಪರಿಚಯ ನಮಗ್ಯಾರಿಗೂ ಇರಲಿಲ್ಲ. ವ್ಯಾನ್ ತುಂಬ ನಗು. ಎಲ್ಲರ ಮುಂದೆ ನನ್ನನ್ನು ಒಂದು ಪ್ರಶ್ನೆ ಕೇಳಿ ನನ್ನ ಬದುಕನ್ನು ನನ್ನ ಕೈಗೆ ಕೊಟ್ಟವರು ಇನ್ನಿಲ್ಲವೆಂದು ನನಗೆ ಸರಿಯಾಗಿ ತಿಳಿದದ್ದು ಆಗಲೇ. ನನಗೆ ಅಳು ಬಂತು. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, ತಡಿ ಮಗಾ, ಇನ್ನೂ ಐತೆ ಎಂದು ಕತೆ ಮುಂದುವರಿಸಿದರು.