ಹಳದಿ ಅಂಬಾಸಿಡರ್ ಹುಡುಕುತ್ತ ಶಿರೂರಿನವರೆಗೆ

ಬೆಂಗಳೂರಿನ ಬಸ್ಸಿನಿಂದ ಬ್ರಹ್ಮಾವರದಲ್ಲಿ ಇಳಿದಾಗ ಬೆಳಿಗ್ಗೆ ಏಳು ಗಂಟೆ. ದೀಪಾವಳಿ ಕಳೆದಿದ್ದರೂ ಸೆಕೆ ಬಿಟ್ಟಿರಲಿಲ್ಲ. ನಾನು ಬಂದದ್ದು ಸಮುದ್ರ ನೋಡಲೂ ಅಲ್ಲ, ದೇವರಿಗೆ ಕೈ ಮುಗಿಯಲೂ ಅಲ್ಲ. ಒಂದು ಹಳೆಯ ಕಾರು ಹುಡುಕಲು ಬಂದಿದ್ದೆ. ಇಪ್ಪತ್ತೆರಡು ವರ್ಷ ಸಿನೆಮಾಗಳಿಗೆ ವಾಹನ ಒದಗಿಸಿದವನು ನಾನು. ಪರದೆಯ ಮೇಲೆ ಜನ ಸಿಳ್ಳೆ ಹೊಡೆಯುವ ಕಾರುಗಳ ಕಥೆ ನನಗೆ ಗೊತ್ತು. ಚಿತ್ರೀಕರಣ ಮುಗಿದ ಸಂಜೆಯೇ ಅವು ಯಾರಿಗೂ ಬೇಡ. ಕೆಲವು ಗುಜರಿಗೆ ಹೋಗುತ್ತವೆ, ಕೆಲವು ಯಾವುದೋ ಶೆಡ್ಡಿನ ಹಿಂದೆ ಬಳ್ಳಿ ಹಬ್ಬಿಸಿಕೊಂಡು ನಿಲ್ಲುತ್ತವೆ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಯಾರು ಕೇಳುತ್ತಾರೆ?

ಈ ಕರಾವಳಿಯಲ್ಲಿ ತೆಗೆದ ಒಂದು ಚಿತ್ರಕ್ಕೆ ನಾನು ಮೂರು ಅಂಬಾಸಿಡರ್‌ಗಳಿಗೆ ಒಂದೇ ಹಳದಿ ಬಣ್ಣ ಹೊಡೆಸಿದ್ದೆ. ಒಂದನ್ನು ಹೊಳೆಗೆ ತಳ್ಳಿದೆವು, ಒಂದನ್ನು ಸುಟ್ಟೆವು. ಮೂರನೆಯದು ನಾಯಕ ಕೂತು ಓಡಿಸಿದ್ದು. ಆಗ ಸಾಧಾರಣ ಓಡಿದ ಆ ಚಿತ್ರ ಈಗ ಮೊಬೈಲುಗಳಲ್ಲಿ ಹುಚ್ಚೆಬ್ಬಿಸಿದೆ. ರೆಸಾರ್ಟ್ ಮಾಲೀಕರೊಬ್ಬರು ಸಿನೆಮಾ ವಾಹನಗಳದ್ದೇ ಒಂದು ಹಾಲ್ ಕಟ್ಟಿಸುತ್ತಿದ್ದಾರೆ. ಮೂರನೆಯ ಕಾರು ತಂದುಕೊಟ್ಟರೆ ಆ ಹಾಲ್ ನೋಡಿಕೊಳ್ಳುವ ಕೆಲಸ ನನಗೆ. ಹೊರಡುವ ಮೊದಲು ಚಿತ್ರದ ಮ್ಯಾನೇಜರು ಕಾರಿನ ಆರ್‌ಸಿ ಪುಸ್ತಕವನ್ನೂ ಸಹಿ ಹಾಕಿದ ವರ್ಗಾವಣೆ ಫಾರ್ಮನ್ನೂ ನನ್ನ ಕೈಗೆ ಕೊಟ್ಟಿದ್ದರು. ನಮ್ಮಲ್ಲಿ ಹಳೇ ಗಾಡಿ ಕೈ ಬದಲಾಗುವುದೇ ಹೀಗೆ, ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು. "ಯಾರು ಇಟ್ಟುಕೊಳ್ಳುತ್ತಾರೋ ಅವರ ಹೆಸರು ತುಂಬಿಸು, ನಮಗೆ ಆ ತಲೆನೋವು ಬೇಡ" ಎಂದಿದ್ದರು.

ಬ್ರಹ್ಮಾವರದ ಹೋಟೆಲೊಂದರ ಮುಂದೆ ಆ ಕಾರು ಇದೆಯೆಂದು ಸುದ್ದಿ. ಇತ್ತು ಕೂಡ. ಹಳದಿ ಬಣ್ಣ, ಬಾನೆಟ್ಟಿಗೆ ಸೇವಂತಿಗೆ ಮಾಲೆ, ಸುತ್ತ ಸೆಲ್ಫಿಯವರು. ನಾನು ಬನ್ಸು ತಿಂದು ಮುಗಿಸಿ, ಅಂಗಿ ಕೊಳೆಯಾಗುವುದನ್ನೂ ಲೆಕ್ಕಿಸದೆ ಕಾರಿನ ಅಡಿಗೆ ನುಗ್ಗಿದೆ.

"ಹ್ವಾಯ್, ಅಡಿಯಂಗೆ ಎಂತ ಮಾಡ್ತ್ರಿ?" ಹೋಟೆಲಿನ ಮಾಲೀಕರು ಓಡಿ ಬಂದರು.

"ತೂತು ಹುಡುಕುತ್ತಿದ್ದೇನೆ."

"ನಮ್ಮ್ ಕಾರಂಗೆ ತೂತೆಲ್ಲ ಇಲ್ಲೆ ಮಾರಾಯ್ರೆ. ಫಸ್ಟ್ ಕ್ಲಾಸ್ ಇತ್ತ್!"

"ಅದಕ್ಕೇ ಹೇಳುವುದು, ಇದು ಆ ಕಾರಲ್ಲ."

ಓಡುವ ರಸ್ತೆಯನ್ನು ಕಾರಿನೊಳಗಿಂದ ತೋರಿಸಲು ಆ ಮೂರನೆಯ ಕಾರಿನ ಹಿಂದಿನ ಸೀಟು ಕಿತ್ತು, ನೆಲದಲ್ಲಿ ತಟ್ಟೆಯಗಲದ ತೂತು ಕೊರೆದು ಕ್ಯಾಮೆರಾ ಇಳಿಸಿದ್ದೆವು. ಕೊರೆದವನು ನಾನೇ. ಹೀಗೆಂದು ವಿವರಿಸಿದರೆ ಮಾಲೀಕರ ಮುಖ ಊದಿಕೊಂಡಿತು. ಸೆಲ್ಫಿಯವರಲ್ಲಿ ಒಬ್ಬನೂ ಫೋನ್ ಕೆಳಗಿಳಿಸಲಿಲ್ಲ. ಮಾಲೆ ಹಾಕಿದ್ದೇ ದೇವರು ಅವರಿಗೆ.

ಕುಂದಾಪುರಕ್ಕೆ ಬಸ್ಸಿನಲ್ಲಿ ನಲವತ್ತು ರೂಪಾಯಿ. ಕುಂಭಾಶಿಯಲ್ಲಿ ಆನೆಗುಡ್ಡೆಗೆ ಹೋಗುವವರೆಲ್ಲ ಇಳಿದ ಮೇಲೆ ಕೂರಲು ಜಾಗ ಸಿಕ್ಕಿತು. ಚಿತ್ರೀಕರಣದ ಕೊನೆಗೆ ಕಾರು ಬಿಟ್ಟುಹೋದ ಗ್ಯಾರೇಜು ಇನ್ನೂ ಅಲ್ಲೇ ಇತ್ತು, ಮೆಕ್ಯಾನಿಕ್ ಸದಾನಂದನೂ ಇದ್ದ, ತಲೆ ಮಾತ್ರ ಪೂರ್ತಿ ನೆರೆತಿತ್ತು.

"'ನಾಳೆ ಬತ್ತೊ' ಅಂದ್ಕಂಡ್ ಬಿಟ್ಟಿಕ್ ಹೋದ್ರಿ. ನಾಕ್ ಮಳಿಗಾಲ ಕಾದೆ" ಎಂದ. "ಎಂಜಿನ್ ಗಟ್ಟಿ ಇತ್ತ್. ರಿಪೇರಿ ಮಾಡಿ ಶಿರೂರಿನ ಸರೋಜಕ್ಕಂಗೆ ಕೊಟ್ಟೆ. ಕಾಗ್ದ ಮಾತ್ರ ಅವ್ರ ಹತ್ರವೂ ಇಲ್ಲೆ, ನನ್ ಹತ್ರವೂ ಇಲ್ಲೆ."

ನನಗೆ ನಾಚಿಕೆಯಾಯಿತು. ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು ಆ ಕಾರನ್ನು ನೆನೆದವನಲ್ಲ. ಆ ದಿನ ಕುಂದಾಪುರದಲ್ಲೇ ಉಳಿದೆ.

ಮರುದಿನ ಮೊದಲ ಬಸ್ಸಿಗೆ ಶಿರೂರಿಗೆ ಹೋಗಿ, ಸರೋಜಕ್ಕ ಎಲ್ಲಿ ಸಿಗುತ್ತಾರೆಂದು ವಿಚಾರಿಸಿ, ರಿಕ್ಷಾದಲ್ಲಿ ಮೀನಿನ ಬಂದರಿಗೆ ಇಳಿದೆ. ದೋಣಿಗಳು ಬಂದಾಗಿತ್ತು. ಹಳದಿ ಅಂಬಾಸಿಡರ್ ದೂರದಿಂದಲೇ ಕಂಡಿತು. ಬಣ್ಣ ಅರ್ಧ ಹೋಗಿ ತುಕ್ಕು ಹಿಡಿದಿತ್ತು. ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಸೀರೆ ಎತ್ತಿ ಕಟ್ಟಿ, ಹಿಂದಿನ ಸೀಟಿಲ್ಲದ ಜಾಗಕ್ಕೆ ಬಂಗುಡೆ ಬುಟ್ಟಿಗಳನ್ನು ತಳ್ಳಿ ಮೇಲೆ ಐಸು ಸುರಿಯುತ್ತಿದ್ದರು. ಅವರೇ ಸರೋಜಕ್ಕ. ಕಾರಿನ ಅಡಿಯಿಂದ ಕರಗಿದ ನೀರು ಧಾರೆಯಾಗಿ ಮರಳಿಗೆ ಬೀಳುತ್ತಿತ್ತು. ಬಗ್ಗಿ ನೋಡಿದೆ. ನನ್ನದೇ ತೂತು.

"ಐಸಿನ್ ನೀರ್ ನಿತ್ರೆ ಮೀನ್ ಹಾಳಾತ್. ಸಿನೆಮಾದೋರ್ ಮಾಡದ್ರಂಗೆ ಬುದ್ವಂತಿಗಿ ಕೆಲ್ಸ ಇದೊಂದೇ" ಎಂದು ನಕ್ಕರು. ಕೊರೆದವನು ನಾನೆಂದಾಗ ಮೇಲಿಂದ ಕೆಳಗೆ ನೋಡಿ, "ಕೂಕಣಿ, ದಾರಿಯಂಗೆ ಮಾತಾಡುವ" ಎಂದರು.

ಅವರ ಪಕ್ಕ ಕೂತೆ. ಮೀನು ಮಾರಲು ಬೈಂದೂರಿಗೆ ಹೊರಟ ಕಾರು ಹೆದ್ದಾರಿ ಬಿಟ್ಟು ಮಣ್ಣಿನ ದಾರಿ ಹಿಡಿಯಿತು. ಬೈಂದೂರಿಗೆ ನೇರ ದಾರಿ ಇರುವಾಗ ಈ ಸುತ್ತು ಯಾಕೆ ಎಂದು ಕೇಳಿದೆ.

"ಮೊದ್ಲ್ ತಲಿ ಮೇಲೆ ಹೊತ್ಕಂಡ್ ಹೋತಿದ್ದೆ. ಬಸ್ಸಂಗೆ ಬುಟ್ಟಿ ಹತ್ಸುಕ್ ಬಿಡ್ತಿರ್ಲಿಲ್ಲ, ವಾಸನಿ ಅಂಬ್ರ್. ಅದೇ ಕಂಡಕ್ಟರ್ ಮನಿಗ್ ಹೋಯ್ ಬಂಗ್ಡಿ ಸಾರೇ ಉಂಬುದ್! ಸಿಟ್ಟ್ ಬಂದ್ ಡ್ರೈವಿಂಗ್ ಕಲ್ತೆ, ಲೈಸೆನ್ಸ್ ಮಾಡ್ಸ್ದೆ. ಆರೆ ಕಾರಿನ್ ಕಾಗ್ದ ನನ್ ಹೆಸ್ರಂಗೆ ಇಲ್ಲೆ. ಹೈವೇಯಂಗೆ ಹಿಡದ್ರೆ ಕಾರ್ ಹೋತ್, ನಾನ್ ವಾಪಾಸ್ ಬುಟ್ಟಿ ಹೊರ್ಕ್."

ಆಗಲೇ ರೆಸಾರ್ಟಿನವರ ಫೋನ್ ಬಂತು. ಎಂಜಿನ್ನಿನ ಗದ್ದಲಕ್ಕೆ ಕೇಳದೆ ಸ್ಪೀಕರಿಗೆ ಹಾಕಿದೆ. ಕಾರು ಸಿಕ್ಕಿದ್ದನ್ನೂ, ಅದರಲ್ಲಿ ಮೀನು ಇರುವುದನ್ನೂ ಹೇಳಿದೆ.

"ಅಯ್ಯೋ, ಆ ಕಾರಿಗೆ ಇಂಥ ಗತಿಯೇ! ಆ ಹೆಂಗಸಿಗೆ ಏನಾದರೂ ಕೊಟ್ಟು ಎತ್ತಿಕೊಂಡು ಬಾ. ತೂತು ಮುಚ್ಚಿಸಿ, ವಾಸನೆ ತೊಳೆಸೋಣ."

ಸರೋಜಕ್ಕ ಗಕ್ಕನೆ ಬ್ರೇಕ್ ಹಾಕಿದರು. ಬುಟ್ಟಿಗಳು ನನ್ನ ಬೆನ್ನಿಗೆ ಬಂದು ಬಡಿದವು.

"ಗತಿಯಾ? ನಾಕ್ ಮಳಿಗಾಲ ಹೊರ್ಗ್ ನೆನ್ಕಂಡ್ ಬಿದ್ದಿತ್ತಲೆ, ಆಗ ಎಲ್ಲಿದ್ರಿ? ಈಗ ಅದ್ ದುಡಿತ್. ದುಡ್ದ್ ತಿಂಬುದ್ ಗತಿಗೇಡಾ? ಮಾಲಿ ಹಾಕ್ಕಂಡ್ ಸುಮ್ನೆ ನಿಂಬುಕೆ ನನ್ ಕಾರ್ ಕೊಡುದಿಲ್ಲ!"

"ಯಾರದು?" ಎಂದಿತು ಫೋನು.

"ಕಾರಿನ ಯಜಮಾನಿ" ಎಂದೆ. "ಕಾರು ಸಿಕ್ಕಿದೆ, ಅದೇ ನಿಜವಾದದ್ದು. ಆದರೆ ಕೊಡುವುದಿಲ್ಲ."

"ಕೊಡುವುದಿಲ್ಲ ಅನ್ನುವುದಕ್ಕೆ ನೀನು ಯಾರು?"

"ಅದಕ್ಕೆ ತೂತು ಕೊರೆದು ಬಿಟ್ಟುಹೋದವನು."

ಕೆಲಸ ಹೋಯಿತು. ಹೋಗಲಿ! ಇಪ್ಪತ್ತೆರಡು ವರ್ಷ ಎಲ್ಲದಕ್ಕೂ ಹೂಂ ಅಂದವನಿಗೆ ಒಮ್ಮೆ ಊಹೂಂ ಅಂದು ಹೊಟ್ಟೆ ತಣ್ಣಗಾಯಿತು.

ದಾರಿ ಬದಿಯಲ್ಲೇ ಬಾನೆಟ್ಟಿನ ಮೇಲೆ ಫಾರ್ಮು ಹರಡಿ, ಖಾಲಿ ಜಾಗದಲ್ಲಿ ಅವರ ಪೂರ್ತಿ ಹೆಸರು ಬರೆದೆ. ಸಹಿ ಹಾಕುವಾಗ ಅವರ ಬೆರಳಲ್ಲಿದ್ದ ಮೀನಿನ ಹುರುಪೆಯೊಂದು ಕಾಗದಕ್ಕೆ ಅಂಟಿತು. ಸೋಮವಾರ ಅವರು ಅದನ್ನು ಆರ್‌ಟಿಒ ಆಫೀಸಿಗೆ ಕೊಡುವುದೆಂದು ಮಾತಾಯಿತು. "ನಿಮ್ಗೆ ನಾ ಎಂತ ಕೊಡ್ಕ್?" ಎಂದು ಕೇಳಿದರು. ಬಿಟ್ಟುಹೋದವರಿಗೆ ಕೇಳುವ ಮುಖ ಇಲ್ಲ ಎಂದೆ. ಆರ್‌ಸಿ ಪುಸ್ತಕವನ್ನು ಅವರು ಎರಡು ಸಲ ತಿರುಗಿಸಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹೆಸ್ರ್ ಬರ್ದಾಯ್ತಲೆ? ಇನ್ನೆಂತಕ್ಕೆ ಹೆದ್ರುದ್? ಹೈವೇಯಂಗೇ ಹೋಪ."

ಕಾರು ಹೆದ್ದಾರಿಗೆ ಏರಿತು. ಅಗತ್ಯವಿಲ್ಲದಲ್ಲೂ ಹಾರ್ನ್ ಹೊಡೆದರು. ಬೈಂದೂರು ಬಸ್‌ಸ್ಟ್ಯಾಂಡಿನ ಹತ್ತಿರ, ಎಲ್ಲರಿಗೂ ಕಾಣುವಂತೆ ಕಾರು ನಿಲ್ಲಿಸಿ ಹಿಂದಿನ ಬಾಗಿಲು ತೆರೆದರು. ನನ್ನ ಬಸ್ಸು ಬಂತು, ಹತ್ತಿ ಕಿಟಕಿಯ ಬಳಿ ಕೂತೆ. ತಿರುಗಿ ನೋಡಿದರೆ, ಯಾರೋ ಇಬ್ಬರು ಕಾರನ್ನು ಗುರುತಿಸಿ ಫೋನ್ ಎತ್ತಿ ಹಿಡಿದಿದ್ದರು. ಸರೋಜಕ್ಕ ಅವರ ಮುಂದೆ ಎರಡು ಬಂಗುಡೆ ಎತ್ತಿ ಹಿಡಿದು ಕೂಗುತ್ತಿದ್ದರು:

"ಫೋಟೋ ಕಡಿಕೆ ಹೊಡಿನಿ. ಮೊದ್ಲ್ ಮೀನ್ ತಕಣಿ!"