ಖಾಲಾ ಕಾಯ್ದ ಕರಡಿಗೆ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಂದು ಮಂಗಳವಾರ ಎಂದು ನನ್ನ ಡೈರಿಯಲ್ಲಿದೆ. ಆದರೆ ಅದನ್ನು ಬರೆದದ್ದು ವಾರ ಕಳೆದ ಮೇಲೆ. ಆಸ್ಪತ್ರೆಯ ಗೋಡೆ ಹಸಿರಿತ್ತು ಎಂದು ನಾನು, ಬಿಳಿ ಎಂದು ಅವ್ವ.

ನಾವು ಆಗ ಯಶವಂತನಗರದಲ್ಲಿದ್ದೆವು. ಅಪ್ಪ ಗಣಿ ಕಂಪನಿಯ ಬಸ್ಸು ಓಡಿಸುತ್ತಿದ್ದ. ಪಕ್ಕದ ಮನೆಯ ಮುಸ್ಲಿಂ ಹೆಂಗಸನ್ನು ಅವರ ಅಕ್ಕನ ಮಕ್ಕಳಂತೆ ನಾನೂ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಅಪ್ಪನ ಹೊಟ್ಟೆನೋವು ತಡೆಯಲಾಗದಷ್ಟಾಯಿತು. ಸಂಡೂರಿನ ಡಾಕ್ಟರು ಕರುಳು ತೂತಾಗಿದೆ, ತಡಮಾಡಬೇಡಿ ಎಂದು ಹೊಸಪೇಟೆಗೆ ಕಳಿಸಿದರು. ಅದಿರಿನ ಲಾರಿಗಳ ಹಿಂದೆ ನಮ್ಮ ಜೀಪು ತೆವಳುತ್ತಿತ್ತು. ಜೊತೆಗೆ ಬಂದಿದ್ದ ಖಾಲಾ ಮೆಲ್ಲಗೆ ಅನ್ನುತ್ತಲೇ ಇದ್ದರು: “ಹಸ್ಬುನಲ್ಲಾಹು ವ ನಿಅಮಲ್ ವಕೀಲ್.” ನಾನು ಅರ್ಥ ಕೇಳಿದೆ.

“ನಮಗ ಅಲ್ಲಾ ಒಬ್ಬನ ಸಾಕವ್ವ, ನಮ್ಮ ಭಾರ ವಹಿಸಾಕ ಅವನಕಿಂತ ಚಲೋದವ್ರು ಯಾರದಾರ ಅಂತ. ನಮ್ ಕೈಯಾಗ ಏನೂ ಉಳೀಲಾರದಾಗ ಅಂತೀವಿ.”

ಮುಂದೆ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಇದರ ಅನುವಾದ ಓದಿದೆ. ಖಾಲಾ ಹೇಳಿದ್ದರಲ್ಲಿ ಪುಸ್ತಕದ ಮಾತು ಎಷ್ಟು ಬೆರೆತಿದೆಯೋ ಈಗ ಹೇಳಲಾರೆ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸ್ ತಡೆದಳು. ಮೈಮೇಲೆ ಏನೂ ಇರಬಾರದು. ಅಪ್ಪನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅದು ಅವನ ಮೈ ಬಿಟ್ಟಿದ್ದಿಲ್ಲ.

“ಇದನ್ನ ತೆಗದ್ರ ನಾ ಬದುಕಿದ್ದೂ ಸತ್ತಂಗ,” ಅಂದ ಅಪ್ಪ, ಹಲ್ಲು ಕಚ್ಚಿಕೊಂಡು.

“ತೆಗೀಲಿಲ್ಲಂದ್ರ ಬರೇ ಸತ್ತಂಗ ಅಲ್ರಿ ಯಜಮಾನ್ರ,” ಅಂದಳು ನರ್ಸ್.

ಕೊನೆಗೆ ಅವ್ವನೇ ಅದನ್ನು ಬಿಚ್ಚಿದಳು. ಎರಡೂ ಅಂಗೈಯಲ್ಲಿ ಕರಡಿಗೆ ಹಿಡಿದು ನಿಂತಳು. ಒಪ್ಪಿಗೆ ಪತ್ರಕ್ಕೆ ಅವಳ ಸಹಿ ಬೇಕಿತ್ತು. ಅದಾಗದೆ ಅಪ್ಪನನ್ನು ಒಳಗೆ ಒಯ್ಯುವುದಿಲ್ಲ. ಬೆಂಚಿನ ಮೇಲೆ ಇಡುವಂತಿಲ್ಲ, ಯಾರ್‍ಯಾರೋ ಕೂತೆದ್ದ ಬೆಂಚು. ಕೊರಳಿಗೆ ಹಾಕಿಕೊಳ್ಳುವಂತಿಲ್ಲ, ಅಲ್ಲಿ ಅವಳದೇ ಲಿಂಗವಿದೆ. ನಾನು ಕೈ ಚಾಚಿದೆ. ನನಗಿನ್ನೂ ದೀಕ್ಷೆಯಾಗಿರಲಿಲ್ಲ. “ನೀ ಮುಟ್ಟಬ್ಯಾಡ,” ಅಂದಳು. ಡಾಕ್ಟರು ಒಳಗಿನಿಂದ ಎರಡನೇ ಸಲ ಕೇಳಿಕಳಿಸಿದರು. ಸ್ಟ್ರೆಚರಿನ ಮೇಲೆ ಅಪ್ಪನ ತುಟಿ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು.

ಖಾಲಾ ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೂ ಕೈ ತೊಳೆದು ಬಂದರು. ಸೆರಗನ್ನು ಅಂಗೈಗಳ ಮೇಲೆ ಹಾಸಿ ಅವ್ವನ ಮುಂದೆ ಹಿಡಿದರು.

“ಇಲ್ಲಿ ಇಡ್ರಿ ಅಕ್ಕ. ನಾ ಕಾಯ್ತೀನಿ.”

ಅವ್ವ ಎಷ್ಟು ಹೊತ್ತು ಅನುಮಾನಿಸಿದಳು? ನನ್ನ ನೆನಪಿನಲ್ಲಿ ಬಹಳ ಹೊತ್ತು. ನಿಜದಲ್ಲಿ ಒಂದು ಉಸಿರಿನಷ್ಟು ಇರಬಹುದು. ಇಟ್ಟಳು. ಸಹಿ ಹಾಕಿದಳು. ಬಾಗಿಲು ಮುಚ್ಚಿತು.

ಖಾಲಾ ಗೋಡೆಗೂ ಒರಗದೆ ಕೂತರು. ಅಂಗೈಯಲ್ಲಿ ನಮ್ಮ ಶಿವ, ತುಟಿಯ ಮೇಲೆ ಅದೇ ಪ್ರಾರ್ಥನೆ. ಹೊರಗೆ ನಮಾಜಿನ ಕರೆ ಕೇಳಿಸಿದಾಗ ಅವ್ವ ಅವರ ಮುಖ ನೋಡಿದಳು. ಇನ್ನೂ ಹೊತ್ತಿದೆ, ಆಮೇಲೆ ಮಾಡುತ್ತೇನೆ ಅಂದರು. ಅವರ ಕೈ ಕೆಳಗಿಳಿಯಲಿಲ್ಲ. ಹಂಪಿಯ ಗುಡಿಗಳಲ್ಲಿ ಎಷ್ಟೋ ಸಲ ನಿಂತಿದ್ದೇನೆ. ಮಾತಾಡಿದರೆ ಏನೋ ಕದಡಿಹೋದೀತು ಎಂದು ಉಸಿರು ಬಿಗಿಹಿಡಿದದ್ದು ಆ ಫಿನಾಯಿಲ್ ವಾಸನೆಯ ವರಾಂಡದಲ್ಲಿ ಮಾತ್ರ. ಅದು ಭಕ್ತಿಯೋ, ಭಯವೋ, ಇವತ್ತಿಗೂ ಗೊತ್ತಿಲ್ಲ.

ಅಪ್ಪ ಬದುಕಿದ. ಅವನನ್ನು ಹೊರಗೆ ತಂದ ಮೇಲೆಯೇ ಕರಡಿಗೆ ಖಾಲಾರ ಕೈಯಿಂದ ಅವ್ವನ ಕೈಗೆ ಬಂದದ್ದು. ಅಷ್ಟೂ ಹೊತ್ತು ಅವ್ವ ಪಕ್ಕದಲ್ಲೇ ಕೂತಿದ್ದಳು, ಬರಿಗೈಯಲ್ಲಿ. ಹೋದ ತಿಂಗಳು ಕಂಪ್ಲಿಯ ಮದುವೆಯಿಂದ ಬಸ್ಸಿನಲ್ಲಿ ಬರುವಾಗ ಅವಳನ್ನು ಕೇಳಿದೆ. ಅವಳು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ ಕೂತಿದ್ದಳು.

“ಅವ್ವ, ಸಹಿ ಮಾಡಿದ ಮ್ಯಾಲೆ ನಿನ್ನ ಕೈ ಖಾಲಿ ಇದ್ವಲ್ಲ, ಯಾಕ ತಿರುಗಿ ಇಸಗೊಳ್ಳಿಲ್ಲ?”